ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಪ್ರಶ್ನೆ: ಮಗಳ ಬಾಣಂತನಕ್ಕೆ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇನೆ. ಮಂಗಳೂರಿನಿಂದ ಎಷ್ಟು ಹೊತ್ತಿನ ಪ್ರಯಾಣ? ಹೋಗುವಾಗ ಕಡಿಮೆ, ಬರುವಾಗ ಜಾಸ್ತಿ ಅಂತಾರಲ್ಲ, ಯಾಕೆ?
– ಓದುಗರು, ಕುಂದಾಪುರ

ಉತ್ತರ: ಅಮ್ಮಾ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಸುಮಾರು ಒಂದು ಗಂಟೆ. ಉದ್ದದ ಹಾದಿ ಅಲ್ಲಿಂದ ಮುಂದೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರವೇ ಹತ್ತಿರ ಹತ್ತಿರ 14,000 ಕಿ.ಮೀ. ನಡುವೆ ಎಲ್ಲೂ ಇಳಿಯದ ವಿಮಾನ ಸಿಕ್ಕರೆ ಹೋಗಲು 16 ಗಂಟೆ, ಬರಲು 17ರ ಮೇಲೆ ಹಿಡಿಯಿರಿ. ಬೇರೆ ಊರಲ್ಲಿ ವಿಮಾನ ಬದಲಿಸಿದರೆ 24 ಗಂಟೆ ದಾಟುವುದು ಮಾಮೂಲು.

ವ್ಯತ್ಯಾಸಕ್ಕೆ ಕಾರಣ ಗಾಳಿ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ, ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ವಾಪಸ್ ಬರುವಾಗ ಅದೇ ಗಾಳಿ ಎದುರು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳ ತಂಡವೊಂದು ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ಹಾರಿ ಬಂತು, ಎಂಥ ಹೆಮ್ಮೆ ಅಲ್ವಾ!

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟರೆ ಅದೇ ತಾರೀಖಿನ ಸಂಜೆ 4:30ಕ್ಕೆ ಇಳಿಯುತ್ತೀರಿ. ಎರಡೂವರೆ ಗಂಟೆ ಅಂದುಕೊಂಡು ಸುಮ್ನೆ ಮೋಸ ಹೋಗಬೇಡಿ!

ಮಂಗಳೂರಿಂದಲೇ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ತೆಗೆದರೆ ಬೆಂಗಳೂರಲ್ಲಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡೂ ಹೋದೀತು. ನಡುವೆ ನಾಲ್ಕು ಗಂಟೆಯಾದರೂ ಇರಲಿ.