ಮೀನು ಅಟ್ಟಿಸಿಕೊಂಡು ಬಂದರೆ ಮೇಲಕ್ಕೆ ಹೋಗಬೇಡಿ

ಪ್ರಶ್ನೆ: ಮೇಡಂ, ಅಂಡಮಾನ್‌ನಲ್ಲಿ ಸ್ಕೂಬಾ ಮಾಡುವಾಗ ಎರಡಡಿ ಉದ್ದದ ಮೀನೊಂದು ನನ್ನನ್ನು ಅಟ್ಟಿಸಿಕೊಂಡು ಬಂತು. ಸುಮ್ನೆ ಈಜುತ್ತಿದ್ದೆ, ಅಷ್ಟೇ. ಮೇಲಕ್ಕೆ ಹೋದರೂ ಬಿಡಲಿಲ್ಲ. ಕಾಲಿಗೆ ಹಾಕಿದ್ದ ರಬ್ಬರ್ ಫಿನ್ ಕಚ್ಚಿತು. ಟೈಟನ್ ಟ್ರಿಗರ್ ಅಂತ ಗೈಡ್ ಹೇಳಿದರು. ಅದಕ್ಕೇಕೆ ಅಷ್ಟು ಸಿಟ್ಟು?
– ಓದುಗರು, ಗಂಗಾವತಿ

ಉತ್ತರ: ನೀವು ಅದರ ಗೂಡಿನ ಮೇಲೆ ಹಾದು ಹೋಗಿರಬೇಕು. ಟೈಟನ್ ಟ್ರಿಗರ್ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯುವ ತನಕ ಹತ್ತಿರ ಯಾರನ್ನೂ ಬಿಡುವುದಿಲ್ಲ. ಅದು ಕಾಯುವ ಜಾಗ ಲಾಳಿಕೆಯ ಹಾಗೆ, ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ. ಹಾಗಾಗಿ ಮೇಲಕ್ಕೆ ಹೋದಷ್ಟೂ ನೀವು ಅದರ ಎಲ್ಲೆಯೊಳಗೇ ಇದ್ದಿರಿ. ಇನ್ನೊಮ್ಮೆ ಹೀಗಾದರೆ ಅದರ ಕಡೆಗೇ ಮುಖ ಮಾಡಿ, ಫಿನ್ ಅಡ್ಡ ಹಿಡಿದು, ಪಕ್ಕಕ್ಕೆ ಸರಿದು ದೂರ ಹೋಗಿ. ಕಚ್ಚಿದ್ದು ಫಿನ್‌ಗೆ ಅಂತ ಸಮಾಧಾನ ಪಡಿ. ಚಿಪ್ಪು, ಹವಳ ಎಲ್ಲ ಪುಡಿ ಮಾಡುವ ಹಲ್ಲು ಅದು!

ಈ ಜಾತಿಯ ಮೀನುಗಳ ಬುದ್ಧಿ ನೋಡಿದರೆ ನನಗೆ ಈಗಲೂ ಬೆರಗಾಗುತ್ತದೆ. ಸೀ ಅರ್ಚಿನ್ ಅಂತ ಮೈತುಂಬ ಮುಳ್ಳಿರುವ ಪ್ರಾಣಿ ಇದೆಯಲ್ಲ, ಕೆಲವು ಟ್ರಿಗರ್‌ಗಳು ಬಾಯಿಂದ ಜೋರಾಗಿ ನೀರು ಊದಿ ಅದನ್ನು ಮಗುಚಿ ಹಾಕುತ್ತವೆ. ಕೆಳಭಾಗದಲ್ಲಿ ಮುಳ್ಳು ಗಿಡ್ಡ. ಅಲ್ಲಿಂದ ಒಡೆದು ತಿನ್ನುತ್ತವೆ.

ಬೆನ್ನಿನ ಮುಳ್ಳು ಇನ್ನೂ ಸೊಗಸು. ಮಲ್ಪೆಯಲ್ಲಿ ಕಾರ್ಗಿಲ್ ಮೀನು ಅಂತಾರೆ, ಕಡುನೀಲಿ ಮೈ, ಕೆಂಪು ಹಲ್ಲು. ಅದೂ ಟ್ರಿಗರ್ ಜಾತಿಯದೇ. ಬಂದರಿನಲ್ಲಿ ಸತ್ತು ಬಿದ್ದಿದ್ದ ಒಂದನ್ನು ಎತ್ತಿಕೊಂಡು ಬೆನ್ನಿನ ಮೊದಲ ಮುಳ್ಳನ್ನು ನಿಲ್ಲಿಸಿದೆ. ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಮಲಗಲಿಲ್ಲ. ಅದರ ಹಿಂದಿನ ಚಿಕ್ಕ ಮುಳ್ಳನ್ನು ಒತ್ತಿದೆ ನೋಡಿ, ದೊಡ್ಡದು ತಟ್ಟನೆ ಮಲಗಿತು! ಹಿಂದಿನದು ಮುಂದಿನದಕ್ಕೆ ಅಗುಳಿ. ರಾತ್ರಿ ಬಂಡೆಯ ಸಂದಿಯಲ್ಲಿ ಸೇರಿಕೊಂಡು ಈ ಮುಳ್ಳು ಎತ್ತಿ ಮಲಗಿದರೆ ಯಾವ ದೊಡ್ಡ ಮೀನೂ ಎಳೆಯಲಾರದು.

ಪ್ರಶ್ನೆ: ನನ್ನ ಮಗ ಪಿಕಾಸೊ ಟ್ರಿಗರ್ ಸಾಕಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಬೋರ್‌ವೆಲ್ ನೀರು ಹೇಗೂ ಉಪ್ಪು. ನಡೆಯುತ್ತದಾ ಮೇಡಂ?
– ಓದುಗರು, ಸಿಂಧನೂರು

ಉತ್ತರ: ಇಲ್ಲಮ್ಮ, ನಡೆಯುವುದಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಅಷ್ಟು ಇದ್ದರೆ ಬಾಯಿಗೆ ಹಾಕಲೂ ಆಗುತ್ತಿರಲಿಲ್ಲ, ಅಲ್ವಾ? ಅಡುಗೆ ಉಪ್ಪು ಬೆರೆಸಿದರೂ ಸಾಲದು, ಸಮುದ್ರದ ಮೀನಿಗೆ ಅಂತಲೇ ಮಾರುವ ಉಪ್ಪು ಬೇಕು. ಮೇಲಾಗಿ ಈ ಮೀನು ಒಂದು ಗೇಣು ಬೆಳೆಯುತ್ತದೆ. ಜೊತೆಯಲ್ಲಿ ಬಿಟ್ಟ ಸಿಗಡಿ, ಶಂಖದ ಹುಳು ತಿಂದು ಮುಗಿಸುತ್ತದೆ, ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ. ಸಮುದ್ರದಲ್ಲಿ ಇಡೀ ಹವಳದ ದಿಬ್ಬ ಸುತ್ತಾಡುವ ಜೀವವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಹುಡುಗನಿಗೆ ಮೀನು ಸಾಕುವ ಆಸೆ ಇದ್ದರೆ ಸಿಹಿನೀರಿನ ಗಪ್ಪಿಯಿಂದ ಶುರು ಮಾಡಲಿ. ಅದು ಮರಿಯನ್ನೇ ಹಾಕುತ್ತದೆ, ಮನೆಯಲ್ಲೇ ಕೂತು ನೋಡಬಹುದು.