ಸೋತು ಬಂದ ದಿನ ಮಗಳಿಗೆ ಆಟದ ಪಾಠ ಬೇಡ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ, ಶಟಲ್ ಆಡ್ತಾಳೆ. ಹೋದ ತಿಂಗಳು ಒಂದು ಟೂರ್ನಮೆಂಟ್ ಫೈನಲ್‌ನಲ್ಲಿ ಮೂರನೇ ಗೇಮ್ 18-15 ಲೀಡ್‌ನಲ್ಲಿದ್ದೋಳು 19-21ಕ್ಕೆ ಸೋತ್ಲು. ಸೆಕೆಂಡ್ ಪ್ರೈಜ್ ಬಂತಲ್ಲ ಪುಟ್ಟಾ ಅಂದ್ರೆ ಇನ್ನೂ ಜಾಸ್ತಿ ಅಳ್ತಾಳೆ, ಸೆಮಿಫೈನಲ್‌ನಲ್ಲೇ ಸೋತ ಅವಳ ಫ್ರೆಂಡ್ ಮಾತ್ರ ಆರಾಮಾಗಿದಾಳೆ. ನಮ್ಮನೆಯವರು ಮ್ಯಾಚ್ ವಿಡಿಯೋ ಹಾಕಿ ಹಾಕಿ ತಪ್ಪು ತೋರಿಸ್ತಿದಾರೆ. ಈಗ ಬ್ಯಾಟ್ ಮುಟ್ತಿಲ್ಲ, ನಾನು ವೇಸ್ಟ್ ಅಂತಾಳೆ. ಆಟ ಬಿಡಿಸಿಬಿಡೋದಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡಿಸ್ಬೇಡಿ ಮೇಡಂ, ಹಾಗಂತ ನಾಳೆಯಿಂದ್ಲೇ ಕೋರ್ಟಿಗೆ ಹೋಗು ಅಂತ ಒತ್ತಾಯಾನೂ ಬೇಡ. ಮೊದ್ಲು ಆ ವಿಡಿಯೋ ನಿಲ್ಸಿ. ನಿಮ್ಮ ಯಜಮಾನ್ರು ಮಗಳು ಮುಂದೆ ಬರ್ಲಿ ಅಂತಾನೇ ಮಾಡ್ತಿರೋದು, ಆದ್ರೆ ಅವಳ ಕಣ್ಣಿಗೆ ಆ ಪಾಯಿಂಟುಗಳೆಲ್ಲ ರಾತ್ರಿಯಿಡೀ ತಾನಾಗೇ ಬರ್ತಿರ್ತವೆ, ಮೇಲಿಂದ ಅಪ್ಪಾನೂ ತೋರಿಸಿದ್ರೆ ಸೋತಿದ್ದಕ್ಕೆ ಅಪ್ಪನಿಗೂ ನಾನು ಬೇಡ ಆದ್ನೇನೋ ಅಂತ ಆ ವಯಸ್ಸಿಗೆ ಅನ್ಸಿಬಿಡುತ್ತೆ.

ಸೆಕೆಂಡ್ ಬಂದೋರೇ ಜಾಸ್ತಿ ಅಳೋದು ನಿಮ್ಮ ಮಗಳ ಹಟ ಅಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ದೃಶ್ಯಗಳನ್ನ ಇಟ್ಕೊಂಡು ಅಮೆರಿಕದ ಮನಃಶಾಸ್ತ್ರಜ್ಞರು ಗೆದ್ದೋರ ಮುಖಗಳನ್ನ ಗಮನಿಸಿದ್ರು, ಬೆಳ್ಳಿ ಗೆದ್ದೋರಿಗಿಂತ ಕಂಚು ಗೆದ್ದೋರೇ ಖುಷಿಯಾಗಿ ಕಂಡ್ರು. ಬೆಳ್ಳಿಯೋರಿಗೆ ಕೈತಪ್ಪಿದ ಚಿನ್ನ ಕಾಣುತ್ತೆ, ಕಂಚಿನೋರಿಗೆ ಸದ್ಯ ಬರಿಗೈಲಿ ಹೋಗ್ಲಿಲ್ವಲ್ಲ ಅನ್ಸುತ್ತೆ. 18-15ರಿಂದ ಸೋತೋಳಿಗೆ ಪ್ರೈಜ್ ನೆನಪಿಸಿದ್ರೆ ಆ ಮೂರು ಪಾಯಿಂಟೇ ನೆನಪಾಗೋದು. ಅದಕ್ಕೇ ಸಮಾಧಾನದ ಮಾತು ಕಮ್ಮಿ ಮಾಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ಊಟ ಮಾಡ್ಸಿ, ಅತ್ರೆ ಅಳ್ಲಿ.

ಪಿ.ವಿ. ಸಿಂಧು ಕಥೆ ಹೇಳಿ, ಆದ್ರೆ ಪೂರ್ತಿ ಹೇಳಿ. 2017ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಜಪಾನಿನ ಒಕುಹಾರಾ ಎದುರು 110 ನಿಮಿಷ ಆಡಿ ಕೊನೇ ಗೇಮ್ 20-22ಕ್ಕೆ ಸೋತ್ರು, 2018ರಲ್ಲಿ ಮತ್ತೆ ಫೈನಲ್‌ಗೆ ಬಂದು ಸ್ಪೇನಿನ ಮರೀನ್ ಎದುರು ಸೋತ್ರು, 2019ರಲ್ಲಿ ಅದೇ ಒಕುಹಾರಾನ 21-7, 21-7ರಲ್ಲಿ ಸೋಲಿಸಿ ಚಿನ್ನ ತಗೊಂಡ್ರು. ನಾವು ದೊಡ್ಡೋರು ಮಕ್ಕಳಿಗೆ ಗೆದ್ದಿದ್ದನ್ನಷ್ಟೇ ಹೇಳ್ತೀವಿ, ಮಧ್ಯದಲ್ಲಿ ಇನ್ನೊಂದು ಸಲ ಸೋತಿದ್ದನ್ನ ಬಿಟ್ಬಿಡ್ತೀವಿ, ಮುಂದಿನ ಟೂರ್ನಮೆಂಟೂ ಸೋಲಬಹುದು ಅಂತ ನಿಮ್ಮ ಮಗಳಿಗೆ ಈಗ್ಲೇ ಗೊತ್ತಿದ್ರೆ ಒಳ್ಳೇದು.

"ನಾನು ವೇಸ್ಟ್" ಅಂದಾಗ ಛೇ ಹಾಗನ್ಬಾರ್ದು ಅಂತ ಬಾಯಿ ಮುಚ್ಚಿಸ್ಬೇಡಿ. 18-15 ಆದ್ಮೇಲೆ ಏನಾಯ್ತು ಅಂತ ಕೇಳಿ ಸುಮ್ನಾಗಿ. ಭಯಕ್ಕೆ ಲಾಂಗ್ ಸರ್ವ್ ಹಾಕೋಕೇ ಆಗ್ಲಿಲ್ಲಮ್ಮ, ಶಾರ್ಟೇ ಹಾಕ್ದೆ, ಎದುರಿಗಿದ್ದೋಳು ನೆಟ್ ಹತ್ರಾನೇ ಕಾಯ್ತಿದ್ಲು ಅಂತ ಏನೋ ಒಂದು ಹೇಳ್ತಾಳೆ. ಅಲ್ಲಿಗೆ ಅವಳು ತನ್ನನ್ನ ಬೈಕೊಳ್ಳೋದು ಬಿಟ್ಟು ಸರ್ವ್ ಬಗ್ಗೆ ಮಾತಾಡ್ತಿದಾಳೆ, ಅದು ಕೋಚ್ ಹತ್ರ ಕೂತು ಸರಿ ಮಾಡ್ಕೊಳ್ಳೋ ವಿಷಯ. ಆಡ್ತೀನಿ ಅಂದ ದಿನ ಮ್ಯಾಚ್ ಬೇಡ, ಫ್ರೆಂಡ್ ಜೊತೆ ಸ್ಕೋರ್ ಎಣಿಸ್ದೆ ಸುಮ್ನೆ ಆಡ್ಲಿ.

ಒಂದು ತಿಂಗಳಾಯ್ತು ಅಂತೀರಿ, ಅದಕ್ಕೇ ಇದನ್ನೂ ಹೇಳ್ತೀನಿ. ನಿದ್ದೆ ಊಟ ಸರಿ ಇಲ್ಲ, ಸ್ಕೂಲೂ ಬೇಡ, ಫ್ರೆಂಡ್ಸೂ ಬೇಡ ಅಂತಿದ್ರೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಬದುಕೋದೇ ಬೇಡ ಅನ್ನೋ ಥರ ಒಂದು ಮಾತು ಬಂದ್ರೂ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ, ಒಬ್ಬಳನ್ನೇ ಬಿಡ್ಬೇಡಿ.