ಲೈಡಾರ್ ನಕ್ಷೆ ಎಷ್ಟು ನಿಖರ ಅಂತ ಅಳೆಯುವುದು ಹೇಗೆ?

ಪುಣೆ ಹತ್ತಿರದ ಚಾಕಣ್ ಗೋದಾಮಿನಲ್ಲಿ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಇರುವ ರೋಬಾಟ್ ಓಡಿಸಿ ನಕ್ಷೆ ಮಾಡಿದ್ದೀರಿ, ನೋಡೋಕೆ ಚೆನ್ನಾಗಿದೆ, ಆದರೆ ನಿಖರವಾಗಿದೆಯಾ ಅಂತ ಗೊತ್ತಿಲ್ಲ, ಅಲ್ವಾ? ಕಣ್ಣಳತೆ ನಂಬಬೇಡಿ. ಐಸಿಪಿ (ಲೈಡಾರ್ ಸ್ಕ್ಯಾನ್‌ಗಳನ್ನು ಒಂದಕ್ಕೊಂದು ಜೋಡಿಸುವ ವಿಧಾನ) ಕೊಡುವ ಸ್ಕೋರನ್ನೂ ನಂಬಬೇಡಿ, ಸ್ಕ್ಯಾನ್‌ಗಳು ಒಂದಕ್ಕೊಂದು ಹೊಂದಿವೆ ಅಂತಷ್ಟೇ ಅದು ಹೇಳುತ್ತದೆ.

ಪುಣೆಯಲ್ಲೇ ಸರ್ವೆ ಮಾಡುವವರನ್ನು ಹಿಡಿದು ಟೋಟಲ್ ಸ್ಟೇಷನ್ (ದೂರ, ಕೋನ ನಿಖರವಾಗಿ ಅಳೆಯುವ ಸರ್ವೆ ಯಂತ್ರ) ಬಾಡಿಗೆಗೆ ತನ್ನಿ. ಕಂಬ, ಗೋಡೆಯ ಮೂಲೆ, ಬಾಗಿಲ ಚೌಕಟ್ಟು ಹೀಗೆ ಗೋದಾಮಿನ ತುಂಬ ಹರಡಿದ ಬಿಂದುಗಳನ್ನು ಅಳೆದು, ಅವನ್ನೇ ನಕ್ಷೆಯಲ್ಲಿ ಗುರುತಿಸಿ, ಎರಡನ್ನೂ ಸರಿಸಿ ತಿರುಗಿಸಿ ಒಂದರ ಮೇಲೊಂದು ಕೂರಿಸಿ, ಉಳಿದ ವ್ಯತ್ಯಾಸದ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ತೆಗೆಯಿರಿ. ಸ್ಕೇಲ್ ಮಾತ್ರ ಮುಟ್ಟಬೇಡಿ, ಅಂದರೆ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸಬೇಡಿ. ಲೈಡಾರ್ ಮೀಟರಿನಲ್ಲೇ ಅಳೆಯುತ್ತದೆ, ಸ್ಕೇಲ್ ಹೊಂದಿಸಿದರೆ ಇರುವ ತಪ್ಪೇ ಮುಚ್ಚಿಹೋಗುತ್ತದೆ.

ಆ ಒಂದು ಸಂಖ್ಯೆ ಸಾಲದು. ಶುರುವಿನಲ್ಲಿ ಅರ್ಧ ಡಿಗ್ರಿ ತಿರುಗಿದರೆ ಸಾಕು, 100 ಮೀಟರ್ ಆಚೆಯ ಗೋಡೆ ಸುಮಾರು 87 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ, ಅಲ್ಲಿನ ನಕ್ಷೆ ತನ್ನಷ್ಟಕ್ಕೆ ಸರಿಯಿದ್ದರೂ. ಅದಕ್ಕೇ ಜರ್ಮನಿಯ ಫ್ರೈಬರ್ಗ್ ಸಂಶೋಧಕರು 2009ರಲ್ಲಿ ಬೇರೆ ದಾರಿ ಸೂಚಿಸಿದರು: ಇಡೀ ನಕ್ಷೆಯಲ್ಲಿ ಯಾವುದು ಎಲ್ಲಿದೆ ಅನ್ನುವುದನ್ನು ಬಿಡಿ, ರೋಬಾಟ್ ನಿಂತ ಎರಡೆರಡು ಸ್ಥಾನಗಳ ನಡುವಿನ ದೂರ ಮತ್ತು ಕೋನ ಎಷ್ಟು ತಪ್ಪಿದೆ ನೋಡಿ. ನನಗೆ ಇದೇ ಜಾಸ್ತಿ ಉಪಯೋಗ ಅನ್ನಿಸುತ್ತದೆ.

ಇನ್ನು ಉದ್ದನೆಯ ರ‍್ಯಾಕ್ ಸಾಲು ಉದ್ದಕ್ಕೂ ಒಂದೇ ಥರ ಕಾಣುವುದರಿಂದ ನಕ್ಷೆಯಲ್ಲಿ ಕುಗ್ಗಿಬಿಡಬಹುದು, ಅದರ ಉದ್ದವನ್ನು ಬೇರೆಯಾಗಿ ಟೇಪ್ ಹಿಡಿದು ಅಳೆಯಿರಿ.